ಟಸ್ಕನಿಯ ಗುಡ್ಡಗಳಲ್ಲಿ ಸೈಕಲ್ ಪ್ರವಾಸ: ಗದ್ದಲವಿಲ್ಲದ ದಾರಿ ಗುರುತಿಸುವುದು ಹೇಗೆ?

ಇಟಲಿಯ ಟಸ್ಕನಿಯಲ್ಲಿ ಸೈಕಲ್ ತುಳಿದು ಬಂದವರು ಎರಡು ಬಗೆಯ ಕಥೆ ಹೇಳುತ್ತಾರೆ. ಒಬ್ಬರದು ಸೈಪ್ರೆಸ್ ಮರಗಳ ಸಾಲು, ಗೋಧಿ ಹೊಲ, ಗಂಟೆಗೊಂದು ಕಾರು. ಇನ್ನೊಬ್ಬರದು ಬೆನ್ನಿಗೇ ಬಂದ ಲಾರಿ, ಬಿಸಿಲು, ಮಂಡಿನೋವು. ಇಬ್ಬರೂ ಹೋಗಿದ್ದು ಅದೇ ಸಿಯೆನಾ, ಅದೇ ಮೊಂತಾಲ್ಚಿನೊ, ಅದೇ ಪಿಯೆಂಜಾ. ಊರಿಂದೂರಿಗೆ ಹಿಡಿದ ರಸ್ತೆ ಮಾತ್ರ ಬೇರೆ.

ಹೆಚ್ಚಿನವರು ಎಡವುವುದು ಮನೆಯಲ್ಲೇ. ಹೆಸರಾಂತ ಊರುಗಳ ಪಟ್ಟಿ ಮಾಡಿ, ಮೊಬೈಲ್ ಆ್ಯಪ್ ಜೋಡಿಸಿಕೊಟ್ಟ ದಾರಿಯನ್ನು ಒಪ್ಪಿ, ಕಿಲೋಮೀಟರ್ ಕೂಡಿಸಿ, ಕೋಣೆ ಕಾದಿರಿಸಿಬಿಡುತ್ತಾರೆ. ಕೋಣೆ ಕೊನೆಯ ಕೆಲಸ. ಮೊದಲು ರಸ್ತೆ.

ಕಾಲ ಮತ್ತು ಜಾಗ

ಮೇ ತಿಂಗಳು, ಇಲ್ಲವೇ ಸೆಪ್ಟೆಂಬರ್ ಮಧ್ಯದ ನಂತರ. ಜುಲೈ–ಆಗಸ್ಟ್ ಬೇಡ. ಬೋಳುಗುಡ್ಡಗಳಲ್ಲಿ ನೆರಳಿಲ್ಲ, ಆಗಸ್ಟ್ 15ರ ಫೆರಾಗೊಸ್ತೊ ಹಬ್ಬದ ಆಸುಪಾಸು ಅರ್ಧ ದೇಶವೇ ರಜೆಯಲ್ಲಿ ರಸ್ತೆಗಿಳಿದಿರುತ್ತದೆ.

ಮೊದಲ ಸಲ ಹೋಗುವವರು ಸಿಯೆನಾದ ದಕ್ಷಿಣವನ್ನೇ ಆರಿಸಿಕೊಳ್ಳಿ: ಕ್ರೆತೆ ಸೆನೆಸಿಯ ಜೇಡಿಮಣ್ಣಿನ ಗುಡ್ಡಗಳು, ಅದರಾಚೆ 2004ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ವಾಲ್ ದೋರ್ಚಾ ಕಣಿವೆ. ಉತ್ತರದ ಕಿಯಾಂತಿಯಲ್ಲಿ ಕಾಡಿನ ನೆರಳು ಸಿಗುತ್ತದೆ, ನಿಜ. ಆದರೆ ಅಲ್ಲಿನ ಮುಖ್ಯ ದಾರಿಯಾದ ಎಸ್‌ಆರ್ 222, ಅಂದರೆ ಕಿಯಾಂತಿಜಾನಾ, ಭಾನುವಾರಗಳಲ್ಲಿ ಮೋಟರ್‌ಬೈಕ್‌ಗಳ ಪಾಲು.

ರಸ್ತೆ ಹೆಕ್ಕುವುದು

ಈ ಹಂತಕ್ಕೆ ಒಂದು ಇಡೀ ಸಂಜೆ ಕೊಡಿ, ಸಾಲದಿದ್ದರೆ ಎರಡು ಕೊಡಿ. ನಕ್ಷೆಯನ್ನು ಮೊಬೈಲ್‌ನಲ್ಲಲ್ಲ, ದೊಡ್ಡ ಪರದೆಯಲ್ಲಿ ತೆರೆಯಿರಿ.

ಮೊದಲು ರಸ್ತೆಯ ಸಂಖ್ಯೆ ಓದುವುದನ್ನು ಕಲಿಯಿರಿ. ಎಸ್‌ಎಸ್ ಎಂದರೆ ರಾಷ್ಟ್ರದ ರಸ್ತೆ, ಎಸ್‌ಆರ್ ಪ್ರಾಂತ್ಯದ್ದು, ಎಸ್‌ಪಿ ಜಿಲ್ಲೆಯದು. ನಿಮಗೆ ಬೇಕಾದದ್ದು ಎಸ್‌ಪಿ ಮತ್ತು ಅದಕ್ಕಿಂತ ಸಣ್ಣವು. ಸಿಯೆನಾ–ಫ್ಲಾರೆನ್ಸ್ ನಡುವಿನ ಸೂಪರ್‌ಸ್ತ್ರಾದಾದಲ್ಲಿ, ಅಂದರೆ ವೇಗದ ಹೆದ್ದಾರಿಯಲ್ಲಿ, ಸೈಕಲ್ ನಿಷಿದ್ಧ. ಎಸ್‌ಆರ್ 2, ಅಂದರೆ ರೋಮ್ ಕಡೆಗೆ ಹೋಗುವ ಕಾಸಿಯಾ ರಸ್ತೆಯಲ್ಲಿ ನಿಷೇಧವಿಲ್ಲ, ಲಾರಿಗಳಿವೆ. ಆ್ಯಪ್‌ಗಳು ನಿಮ್ಮನ್ನು ಮತ್ತೆ ಮತ್ತೆ ತಳ್ಳುವುದು ಅಲ್ಲಿಗೇ, ಏಕೆಂದರೆ ಅದು ನೇರ. ರಸ್ತೆ ಬದಿಯ ನೀಲಿ ಫಲಕಗಳನ್ನೂ ನಂಬಿ ಹೋಗಬೇಡಿ. ಅವು ಕಾರಿನವರಿಗೆ ದಾರಿ ತೋರಿಸುತ್ತವೆ.

ಎರಡನೆಯದು ನೆಲದ ಏರಿಳಿತ. ಕಾಸಿಯಾ, ರೈಲು, ಕಾರ್ಖಾನೆ ಎಲ್ಲ ಇರುವುದು ಕಣಿವೆಯ ತಳದಲ್ಲಿ. ಹಳೆಯ ಊರುಗಳಿರುವುದು ಗುಡ್ಡದ ನೆತ್ತಿಯಲ್ಲಿ, ಅವನ್ನು ಜೋಡಿಸುವ ಹಳೆಯ ದಾರಿ ಏಣುಗುಂಟ ಸಾಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳಿರುವ ನಕ್ಷೆಯಲ್ಲಿ ಆ ರೇಖೆಗಳನ್ನು ಕಡಿಯದೆ ಅವುಗಳ ಜೊತೆಯಲ್ಲೇ ಓಡುವ ಸಣ್ಣ ರಸ್ತೆ ಕಂಡರೆ ಅದನ್ನು ಹಿಡಿಯಿರಿ. ಒಮ್ಮೆ ಏರಿದರೆ ಬಹಳ ಹೊತ್ತು ಮೇಲೆಯೇ ಇರುತ್ತೀರಿ, ಎರಡೂ ಕಡೆ ನೋಟ ತೆರೆದಿರುತ್ತದೆ. ಕಣಿವೆಯನ್ನು ಅಡ್ಡ ದಾಟುವ ದಾರಿಯಾದರೆ ಇನ್ನೂರು ಮೀಟರ್ ಇಳಿದು ಮತ್ತೆ ಇನ್ನೂರು ಮೀಟರ್ ಏರಬೇಕು. ದಿನಕ್ಕೆ ಅಂಥದ್ದು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಏಣಿನ ದಾರಿಗೆ ಒಳ್ಳೆಯ ಉದಾಹರಣೆ ತಾವೆರ್ನೆ ದಾರ್ಬಿಯಾದಿಂದ ಅಶಾನೊಗೆ ಹೋಗುವ ಎಸ್‌ಪಿ 438, ಲೌರೆತಾನಾ. ಡಾಂಬರು ರಸ್ತೆ, ಕ್ರೆತೆಯ ಅತ್ಯಂತ ಚೆಲುವಾದ ಮೊದಲ ದಿನ.

ಮೂರನೆಯದು, ಹೊಸ ರಸ್ತೆ ಬಂದಲ್ಲೆಲ್ಲ ಹಳೆಯದು ಖಾಲಿ ಬಿದ್ದಿರುತ್ತದೆ. ರಾದಿಕೊಫಾನಿಯ ಬಳಿ ಇಂದಿನ ಕಾಸಿಯಾ ಪಾಲ್ಯಾ ನದಿಯ ಕಣಿವೆ ಹಿಡಿದಿದೆ. ಹಳೆಯ ಕಾಸಿಯಾ ಎಂಟುನೂರು ಮೀಟರ್ ಎತ್ತರದ ಆ ಊರಿಗೆ ಹತ್ತಿ ಹೋಗುತ್ತದೆ. ಕಾಲಿಗೆ ಕಷ್ಟ, ಕಿವಿಗೆ ಸುಖ.

ಇನ್ನು ಬಿಳಿ ಮಣ್ಣುರಸ್ತೆಗಳು, ಸ್ತ್ರಾದೆ ಬಿಯಾಂಕೆ. ಉಪಗ್ರಹ ಚಿತ್ರದಲ್ಲಿ ಅಗಲವಾದ ಬಿಳಿ ಗೆರೆಯಾಗಿ ಕಂಡರೆ ಒಳ್ಳೆಯದು. ನಡುವೆ ಹಸಿರು ಪಟ್ಟಿ ಕಂಡರೆ ಅದು ಟ್ರ್ಯಾಕ್ಟರ್ ದಾರಿ. ಗೆರೆ ತೋಟದ ಮನೆಯ ಅಂಗಳದಲ್ಲಿ ಮುಗಿದರೆ ಅಲ್ಲಿ 'ಪ್ರೊಪ್ರಿಯೆತಾ ಪ್ರಿವಾತಾ' ಎಂಬ ಫಲಕ, ಅಂದರೆ ಖಾಸಗಿ ಜಾಗ. ಅನುಮಾನವಿದ್ದರೆ ಗೂಗಲ್‌ನವರ ಸ್ಟ್ರೀಟ್ ವ್ಯೂ ನೋಡಿ: ಅವರ ಕಾರು ಹೋದ ದಾರಿಯಲ್ಲಿ ನಿಮ್ಮ ಸೈಕಲ್ಲೂ ಹೋದೀತು.

ಇಷ್ಟೆಲ್ಲ ಬೇಡವೆನ್ನುವವರಿಗೆ ಒಂದು ಒಳದಾರಿ ಇದೆ, ಸಂಕೋಚಪಡದೆ ಹಿಡಿಯಬಹುದು. 1997ರಲ್ಲಿ ಕಿಯಾಂತಿಯ ಗಾಯೊಲೆ ಎಂಬ ಊರಿನಲ್ಲಿ ಶುರುವಾದ 'ಲೆರೋಯಿಕಾ' ಎಂಬ ಹಳೆ ಸೈಕಲ್‌ಗಳ ಕೂಟದ 209 ಕಿ.ಮೀ. ದಾರಿಗೆ ವರ್ಷವಿಡೀ ಕಂದು ಫಲಕಗಳಿವೆ. ಕೂಟದಲ್ಲಿ ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನೀವು ಐದು ದಿನ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ಕೊಳ್ಳುವ 'ಸಿದ್ಧ ಮಾರ್ಗ'ಗಳನ್ನು ಮಾತ್ರ ಬಿಡಿ. ರಸ್ತೆಯ ಮೇಲ್ಮೈ ಹೇಗಿದೆ ಎಂಬ ಮುಖ್ಯ ಸಂಗತಿಯೇ ಎಷ್ಟೋ ಮಾರ್ಗಗಳಲ್ಲಿ ಇರುವುದಿಲ್ಲ.

ಏರಿನ ಲೆಕ್ಕ

ದಿನಕ್ಕೆ 50 ಕಿ.ಮೀ., ಒಟ್ಟು ಏರು 1,000 ಮೀಟರ್. ಸಾಮಾನು ಹೊತ್ತ ಸೈಕಲ್‌ಗೆ ಇದು ಪೂರ್ತಿ ಒಂದು ದಿನದ ಕೆಲಸ. ಒಟ್ಟು ಏರನ್ನಷ್ಟೇ ನೋಡಿ ಸುಮ್ಮನಾಗದೆ, ಅತಿ ಕಡಿದಾದ ಕಿಲೋಮೀಟರ್ ಯಾವುದೆಂದು ಹುಡುಕಿ. ನಂದಿ ಬೆಟ್ಟದಲ್ಲಿ ತಯಾರಿ ಮಾಡಿದ ಬೆಂಗಳೂರಿನವರಿಗೆ ಪೆಟ್ಟು ಬೀಳುವುದು ಇಲ್ಲಿಯೇ. ನಂದಿಯದು ಒಂದೇ ಉದ್ದನೆಯ ಏರು, ಲಯ ಸಿಕ್ಕರೆ ಮುಗಿಯಿತು. ಕ್ರೆತೆಯಲ್ಲಿ ಅರವತ್ತು ಮೀಟರಿನ ಮೊನಚು ಏರು, ಇಳಿತ, ಮತ್ತೆ ಏರು, ಹೀಗೆ ಸಂಜೆಯವರೆಗೂ. ಅಶಾನೊ ಬಳಿಯ ಮೊಂತೆ ಸಾಂತೆ ಮರಿಯೆ ಮಣ್ಣುರಸ್ತೆ 11.5 ಕಿ.ಮೀ. ಅಷ್ಟೆ, ವೃತ್ತಿಪರರ ಸ್ತ್ರಾದೆ ಬಿಯಾಂಕೆ ಪಂದ್ಯದ ಹಣೆಬರಹ ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ. ಸಾಮಾನಿನೊಂದಿಗೆ ಅದಕ್ಕೆ ಅರ್ಧ ದಿನ ಮೀಸಲಿಡಿ.

ಸೈಕಲ್

38ರಿಂದ 40 ಮಿ.ಮೀ. ಅಗಲದ ಟೈರ್. ಗೇರ್‌ನಲ್ಲಿ ಮುಂದಿನ ಅತಿ ಸಣ್ಣ ಹಲ್ಲುಚಕ್ರದ ಹಲ್ಲುಗಳ ಸಂಖ್ಯೆ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ್ದಕ್ಕಿಂತ ಕಡಿಮೆಯೇ ಇರಲಿ. ಅಂಗಡಿಯವನು 'ಇದೇ ಸಾಕು' ಎಂದರೂ ಒಪ್ಪಬೇಡಿ. ಪ್ಲಾಸ್ಟಿಕ್ ಕೊಕ್ಕೆಯ ಅಗ್ಗದ ಬ್ಯಾಗು, ರಬ್ಬರ್ ಹಿಡಿತದ ಮೊಬೈಲ್ ಹೋಲ್ಡರ್ ಎರಡೂ ಮಣ್ಣುರಸ್ತೆಯ ಕುಲುಕಾಟಕ್ಕೆ ಕಳಚಿ ಬೀಳುವ ವಸ್ತುಗಳು.

ಮಣ್ಣುರಸ್ತೆಯಲ್ಲಿ

ಏರುವಾಗ ಕುಳಿತೇ ತುಳಿಯಿರಿ; ಎದ್ದು ನಿಂತರೆ ಹಿಂದಿನ ಚಕ್ರ ಜಾರುತ್ತದೆ. ಇಳಿಯುವಾಗ ತಿರುವಿಗೆ ಮೊದಲೇ, ನೇರ ಇರುವಾಗಲೇ ವೇಗ ತಗ್ಗಿಸಿ, ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬೇಡಿ. ಕಾರಿನ ಚಕ್ರ ಸವೆಸಿದ ಗಟ್ಟಿ ಪಟ್ಟಿಯಲ್ಲೇ ಇರಿ.

ಮಳೆ ಬಂದರೆ ಮಣ್ಣುರಸ್ತೆಯ ಆಸೆ ಬಿಟ್ಟುಬಿಡಿ. ಕ್ರೆತೆಯ ನೆಲ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಜೇಡಿ. ಒದ್ದೆಯಾದರೆ ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಅಂಥ ದಿನಕ್ಕೆಂದೇ ಪ್ರತಿ ಹಂತಕ್ಕೂ ಡಾಂಬರಿನ ಬದಲಿ ದಾರಿ ಗುರುತು ಹಾಕಿಟ್ಟಿರಿ. ಅಶಾನೊದಿಂದ ಬುವೊನ್‌ಕೊನ್ವೆಂತೊಗೆ, 1313ರಲ್ಲಿ ಸ್ಥಾಪನೆಯಾದ ಮೊಂತೆ ಒಲಿವೆತೊ ಮಜ್ಜೋರೆ ಮಠದ ಮೇಲಾಗಿ ಹೋಗುವ ಎಸ್‌ಪಿ 451 ಇದಕ್ಕೆ ಹೇಳಿ ಮಾಡಿಸಿದ್ದು.

ಕುರಿಮಂದೆ ಕಂಡರೆ ನಿಧಾನಿಸಿ. ಕಾವಲಿನ ದೊಡ್ಡ ಬಿಳಿ ನಾಯಿಗಳು ಬಂದರೆ ವೇಗ ಹೆಚ್ಚಿಸಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆದು ಹೋಗಿ.

ಊಟ, ನೀರು, ನಿಯಮ

ಹಳ್ಳಿ ಅಂಗಡಿಗಳು ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿ ನಾಲ್ಕರ ಮೇಲೆಯೇ ತೆರೆಯುವುದು. ಹನ್ನೆರಡರೊಳಗೆ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಳ್ಳಿ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಬೆವರುವವರು ಬೇರೆ ಉಪ್ಪು ತಿನಿಸು ಇಟ್ಟುಕೊಂಡಿರಬೇಕು. ಪಿಯೆಂಜಾದ ಪೆಕೊರಿನೊ ಚೀಸ್ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪಿನದು. ಕಟ್ಟಾ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. 'ನೊನ್ ಪೊತಾಬಿಲೆ' ಎಂದು ಬರೆದ ನಲ್ಲಿಯ ನೀರು ಕುಡಿಯಬೇಡಿ.

ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಊರಾಚೆ ಕತ್ತಲಲ್ಲಿ, ಸುರಂಗಗಳಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ.

ರೈಲು

ಕಾಲು ಸೋತರೆ ರೈಲಿದೆ. ಅಶಾನೊ, ಬುವೊನ್‌ಕೊನ್ವೆಂತೊ ಎರಡರಿಂದಲೂ ಸಿಯೆನಾಗೆ ಪ್ರಾದೇಶಿಕ ರೈಲುಗಳಿವೆ. ವೇಳಾಪಟ್ಟಿಯಲ್ಲಿ ಸೈಕಲ್ ಚಿಹ್ನೆ ಇರುವುದನ್ನೇ ಹಿಡಿದು, ಸೈಕಲ್‌ಗೆ ಪ್ರತ್ಯೇಕ ಟಿಕೆಟ್ ಕೊಳ್ಳಿ. ಭಾನುವಾರ ರೈಲುಗಳು ತೀರ ಕಡಿಮೆ, ಆದ್ದರಿಂದ ಕೊನೆಯ ದಿನ ಭಾನುವಾರ ಬಾರದಂತೆ ಯೋಜಿಸಿ. ಸಿಯೆನಾ ನಿಲ್ದಾಣ ಇರುವುದು ಗುಡ್ಡದ ಬುಡದಲ್ಲಿ, ಹಳೆಯ ಊರು ಮೇಲೆ. ರಾತ್ರಿ ತಂಗಲು ಕೋಣೆ ಬೇಕಿದ್ದರೆ ನಿಲ್ದಾಣದ ಹತ್ತಿರವೇ ಹಿಡಿಯಿರಿ.