ಅಡಿಕೆ ಸುಲಿಯುವ ಅಂಗಳದಲ್ಲಿ ಬರೆದ ದಾಖಲಾತಿ

2019ರ ಡಿಸೆಂಬರ್. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಬೆಳೆ ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ಪುಸ್ತಕ, ಮಾಡಲು ನೆರವಾಗುವ ಕೆಲಸ ನಮ್ಮ ಸಣ್ಣ ಸಂಸ್ಥೆಗೆ ಬಂತು. ಕೈಯಲ್ಲಿ ಎಂಟು ವಾರವೂ ಇರಲಿಲ್ಲ. 2020ರ ಜನವರಿ 31ರೊಳಗೆ ಎಲ್ಲ ಕಡೆ ಇದನ್ನು ನೋಡಿಕೊಳ್ಳುವ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಆಗಬೇಕು, ದಾಖಲಾತಿಯೂ ಮುಗಿಯಬೇಕು, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಇಷ್ಟು ವರ್ಷ ಹಿಂದೆ ಬಿದ್ದಿದ್ದ ಕೆಲಸವನ್ನು ಒಂದೇ ಚಳಿಗಾಲದಲ್ಲಿ ಮುಗಿಸಬೇಕಿತ್ತು.

ಮೊದಲ ವಾರ ನಾವು ನಮೂನೆಗಳನ್ನು ಹಿಡಿದು ಮನೆಮನೆಗೆ ಹೋದೆವು. ಬೆಳೆ, ಹಣ್ಣಿನ ಮರ, ಔಷಧಿ ಗಿಡ, ಮೀನು, ಹಕ್ಕಿ, ಎಲ್ಲದಕ್ಕೂ ಬೇರೆ ಬೇರೆ ಹಾಳೆ. ಜನ ಅಡಿಕೆ ಕೊಯ್ಲಿನಲ್ಲಿದ್ದರು. ನಿಂತು ಮಾತಾಡಲೂ ಪುರುಸೊತ್ತಿಲ್ಲ. ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವು ಅಪ್ಪೆಮಿಡಿಯ ಬಗ್ಗೆ "ಎಷ್ಟು ಥರ ಇದೆ?" ಅಂತ ಕೇಳಿದರೆ "ನಾಲ್ಕೈದು ಇರಬೇಕು" ಅನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಒಬ್ಬ ಅಜ್ಜಿ ನೋಡಿ ನೋಡಿ ಹೇಳಿದರು, "ತಮ್ಮಾ, ಹಗಲಲ್ಲಿ ಬಂದ್ರೆ ಯಾರು ಸಿಗ್ತಾರೆ? ರಾತ್ರಿ ಅಡಿಕೆ ಸುಲಿಯುವಲ್ಲಿ ಬಾ."

ಅವತ್ತಿನಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಅಂಗಳದಲ್ಲಿ ಅಡಿಕೆ ರಾಶಿ, ಸುತ್ತ ಹದಿನೈದು ಇಪ್ಪತ್ತು ಮಂದಿ, ಪ್ರತಿಯೊಬ್ಬರ ಮುಂದೆ ಒಂದು ಮೆಟ್ಟುಗತ್ತಿ. ಕೈ ತನ್ನ ಪಾಡಿಗೆ ಸುಲಿಯುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಒಬ್ಬರು ಜೀರಿಗೆ ವಾಸನೆಯ ಜೀರಿಗೆ ಅಪ್ಪೆ ಇರುವ ಜಾಗ ಹೇಳಿದರೆ ಎದುರಿಗಿದ್ದವರು "ಅದು ಜೀರಿಗೆ ಅಲ್ಲ ಮಾರಾಯ" ಅನ್ನುತ್ತಿದ್ದರು. ಮರುದಿನ ಆ ಮರದ ಎಲೆ ತಂದು, ಹಿಚುಕಿ, ಮೂಸಿ ನೋಡಿ ಜಗಳ ತೀರಿಸುತ್ತಿದ್ದರು. ಹುಳಿಗೆ ಬಳಸುವ ಕಾಡುಹಣ್ಣು ಉಪ್ಪಾಗೆ ಯಾವ ಬೆಟ್ಟದಲ್ಲಿ ಕಡಿಮೆಯಾಗಿದೆ, ಜಾಯಿಪತ್ರೆಯಂಥ ಕಾಡು ಸಂಬಾರ ರಾಮಪತ್ರೆಯನ್ನು ಹಣ್ಣಾಗುವ ಮೊದಲೇ ಯಾರು ಕೊಯ್ದುಬಿಡುತ್ತಾರೆ, ಯಾವ ಭತ್ತದ ಬೀಜ ಯಾವ ಮನೆಯಲ್ಲಿ ಕೊನೆಗೆ ಉಳಿದಿತ್ತು, ಎಲ್ಲ ಬಂತು. ಯಾರೋ ಒಬ್ಬರು ತಪ್ಪು ಹೇಳಿದರೆ ತಿದ್ದಲು ಅಲ್ಲೇ ಹತ್ತು ಜನ ಇರುತ್ತಿದ್ದರು. ಒಂಟಿ ಮನೆಯ ಜಗುಲಿಯಲ್ಲಿ ಕೂತು ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಸಮಿತಿಯ ವಿಷಯ ಇನ್ನೂ ಕಷ್ಟದ್ದಾಗಿತ್ತು. ಆಗಿನ ನಿಯಮದ ಪ್ರಕಾರ ಅಧ್ಯಕ್ಷರ ಜೊತೆ ಆರು ಜನರವರೆಗೆ ಸದಸ್ಯರು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾಗದದಲ್ಲಿ ಹೆಂಗಸರ ಹೆಸರಿತ್ತು. ಆದರೆ ತಾವು ಸಮಿತಿಯಲ್ಲಿದ್ದೇವೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಸಂಸ್ಥೆಯವರಾಗಿ ನಾವು ಸಮಿತಿ ಬದಲಿಸಲು ಬರುವುದಿಲ್ಲ, ಅದು ಪಂಚಾಯಿತಿಯ ಅಧಿಕಾರ. ಸುಮ್ನೆ ಕೂರಲೂ ಮನಸ್ಸಾಗಲಿಲ್ಲ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರನ್ನು ಒಂದು ರಾತ್ರಿ ಅದೇ ಅಂಗಳಕ್ಕೆ ಕರೆದುಕೊಂಡು ಹೋದೆವು. ಯಾರು ಮಾತಾಡುತ್ತಿದ್ದಾರೆ ಅಂತ ಅವರೇ ನೋಡಿದರು. ಮುಂದಿನ ಸಭೆಯಲ್ಲಿ ಇಬ್ಬರ ಹೆಸರು ಬದಲಾಯಿತು. ಬಂದವರಲ್ಲಿ ಒಬ್ಬರು ಉಪ್ಪಾಗೆ ಹೆಕ್ಕುವವರು, ಇನ್ನೊಬ್ಬರು ಬೀಜ ಇಟ್ಟುಕೊಳ್ಳುವವರು.

ಜನವರಿ ನಡುವಿನಲ್ಲಿ ಒಂದು ಪ್ರಶ್ನೆ ಎದ್ದಿತು. ನಮೂನೆಯಲ್ಲಿ ಮರ ಇರುವ ಜಾಗ ಬರೆಯಬೇಕು. "ಜಾಗ ಬರೆದ್ರೆ ಮರ ಹೋಗ್ತದೆ" ಅಂದರು ಒಬ್ಬ ಹಿರಿಯರು. ಅವರ ಭಯ ಸುಳ್ಳಲ್ಲ. ಒಳ್ಳೆ ಅಪ್ಪೆ ಮರಗಳು ಹೆಚ್ಚಾಗಿ ಹೊಳೆ, ಹಳ್ಳದ ದಂಡೆಯಲ್ಲಿರುತ್ತವೆ. ಮಿಡಿಗೆ ದರ ಏರಿದ ಮೇಲೆ ಮರ ಹತ್ತಿ ಕೊಯ್ಯುವ ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಬೀಳಿಸುತ್ತಾರೆ. ಹಾಗೆ ಕಡಿಸಿಕೊಂಡ ಮರ ಮತ್ತೆ ಸುಧಾರಿಸಲು ವರ್ಷಗಳೇ ಬೇಕು. ಮೂರು ರಾತ್ರಿ ಇದೇ ಚರ್ಚೆ ಆಯಿತು. ಕೊನೆಗೆ ದೊಡ್ಡ ಪುಸ್ತಕದಲ್ಲಿ ಜಾತಿ, ಗುಣ, ಮರದ ಸ್ಥಿತಿ ಮಾತ್ರ ಬರೆಯುವುದು, ಜಾಗ ಮಾತ್ರ ಬೇರೆ ಸಣ್ಣ ಪುಸ್ತಕದಲ್ಲಿ ಬರೆದು ಸಮಿತಿಯ ಕೈಯಲ್ಲಿಡುವುದು ಅಂತಾಯಿತು. ನಾಟಿ ವೈದ್ಯರ ವಿಷಯದಲ್ಲೂ ಹಾಗೆಯೇ. ಅವರು ಗಿಡದ ಹೆಸರು ಬರೆಸಿದರು, ಮದ್ದು ಮಾಡುವ ಕ್ರಮ ಬರೆಸಲಿಲ್ಲ. ನಾವು ಒತ್ತಾಯ ಮಾಡಲಿಲ್ಲ.

ಆಗ ಒಬ್ಬ ಹುಡುಗ ಕೇಳಿದ, "ಸರ್, ನಿಮ್ಮ ಕಂಪ್ಯೂಟರಲ್ಲಿರೋದು?" ನಮ್ಮ ಹತ್ತಿರ ಮೊದಲ ವಾರದ ಫೋಟೊಗಳಿದ್ದವು, ಪ್ರತಿ ಮರದ ಜಿಪಿಎಸ್ ಗುರುತೂ ಇತ್ತು. ಹಣ ಕೊಟ್ಟವರಿಗೆ ವರದಿ ಕೊಡುವಾಗ ಅದು ಬೇಕಿತ್ತು. ಕಚೇರಿಯಲ್ಲಿ ನಮ್ಮೊಳಗೇ ದೊಡ್ಡ ವಾದ ಆಯಿತು. ನನಗಂತೂ ಉತ್ತರ ಸ್ಪಷ್ಟವಾಗಿತ್ತು. ಕಾಯ್ದೆಯ ಪ್ರಕಾರ ದಾಖಲಾತಿ ಸಮಿತಿಯದ್ದು. ನಾವು ಬರೆಯಲು ನೆರವಾದವರು ಅಷ್ಟೇ. ಎಲ್ಲ ಗುರುತುಗಳನ್ನೂ ಸಮಿತಿಗೆ ಕೊಟ್ಟು, ನಮ್ಮಲ್ಲಿದ್ದದ್ದನ್ನು ಅವರ ಎದುರೇ ಅಳಿಸಿದೆವು. ನಮ್ಮ ವರದಿ ತೆಳ್ಳಗಾಯಿತು. ಆದರೆ ಅವತ್ತಿನ ನಂತರ ಜನ ನಮ್ಮ ಹತ್ತಿರ ಮಾತಾಡಿದ್ದು ಜಾಸ್ತಿ.

ಜನವರಿ 31ಕ್ಕೆ ಪುಸ್ತಕ ಪೂರ್ತಿ ಆಗಿರಲಿಲ್ಲ. ಮೀನಿನ ಹಾಳೆಗಳು ಹೆಚ್ಚುಕಡಿಮೆ ಖಾಲಿ. ಮಳೆಗಾಲ ನೋಡದೆ ಹಳ್ಳದ ಮೀನಿನ ಬಗ್ಗೆ ಏನು ಬರೆಯುವುದು? ಬೇರೆ ಕಡೆಯ ಪಟ್ಟಿ ನೋಡಿ ತುಂಬಿಸಬಹುದಿತ್ತು. ಸಮಿತಿ ಬೇಡ ಅಂದಿತು. ಆ ಹಾಳೆಗಳ ಮೇಲೆ "ಮುಂದುವರಿಯುತ್ತದೆ" ಅಂತ ಬರೆದು ಒಪ್ಪಿಸಿದರು.

ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ವ್ಯಾಪಾರಕ್ಕಾಗಿ ಸಂಗ್ರಹ ಮಾಡುವವರಿಂದ ಸಮಿತಿ ಶುಲ್ಕ ಪಡೆಯಬಹುದು. ಇದನ್ನು ಓದಿ ಹೇಳಿದಾಗ ಅಂಗಳದಲ್ಲಿ ಒಂದು ಗಳಿಗೆ ಕತ್ತಿಯ ಸದ್ದು ನಿಂತಿತ್ತು. ನಂತರದ ಮಿಡಿ ಕಾಲದಲ್ಲಿ ಹೊರಗಿನಿಂದ ಬಂದ ವ್ಯಾಪಾರಿಗಳಿಗೆ ಸಮಿತಿ ಶುಲ್ಕದ ಜೊತೆ ಒಂದು ಷರತ್ತೂ ಹೇಳಿತು, ಕೊಂಬೆ ಕಡಿಯುವ ಹಾಗಿಲ್ಲ. ಎಲ್ಲರೂ ಕೇಳಿದರು ಅಂತಲ್ಲ. ಹಲವರು ಕೇಳಿದರು.

ಹೋದ ಮಳೆಗಾಲದಲ್ಲಿ ಸಮಿತಿಯ ಅಕ್ಕ ಒಬ್ಬರು ಫೋನ್ ಮಾಡಿದ್ದರು. ನೆರೆಗೆ ಹೊಳೆ ದಂಡೆಯ ಒಂದು ಅಪ್ಪೆ ಮರ ಉರುಳಿದೆ, ಎಲೆ ಇನ್ನೂ ಹಸಿರಾಗಿದೆ, ಬೇಗ ಕಸಿ ಕುಡಿ ತೆಗೆಯಬೇಕು, ಯಾರಾದರೂ ಸಿಗ್ತಾರಾ ಅಂತ. ಕಸಿ ಮಾಡುವ ಹುಡುಗನನ್ನು ಅವತ್ತೇ ಕಳಿಸಿದೆ. ಹೊಳೆಯವರೆಗೆ ದಾರಿ ತೋರಿಸಿದ್ದು ಆ ಅಕ್ಕನೇ. ಕಸಿ ಕಟ್ಟಿದ ಗಿಡಗಳಲ್ಲಿ ಹನ್ನೊಂದು ಈಗ ಅವರ ಮನೆಯ ಹಿತ್ತಲಲ್ಲಿ ಚಿಗುರಿವೆ.