ಎಳ್ಳೆಣ್ಣೆ ನಂಬಲಿಲ್ಲ, ಬಾವಿ ಹುಡುಕಿಕೊಂಡು ಹೋದರು

ನನ್ನ ಮೊದಲ ಕಾದಂಬರಿ ಹೊರಬಂದು ಮೂರು ವಾರವಾಗಿತ್ತು. ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಒಳಗೆ ನಾಲ್ಕೇ ಸಾಲು. "ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ ಅಂತ ಬರೆದಿದ್ದೀರಿ. ಕಾದಂಬರಿ ಅಂದಮೇಲೆ ಸುಳ್ಳು ಇರುತ್ತದೆ, ಒಪ್ಪಿದೆ. ಆದರೆ ಇಷ್ಟೊಂದಾ?"

ಅದು ಸುಳ್ಳಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಾಗೆಯೇ ಬರೆದಿಟ್ಟಿದ್ದಾನೆ. ರಾಯ ಎಣ್ಣೆ ಕುಡಿಯುತ್ತಿದ್ದ, ಮೈಗೂ ಅದೇ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ. ಮಣ್ಣಿನಲ್ಲಿ ಮಾಡಿದ ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದುಹೋಗುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಜಟ್ಟಿಯ ಜೊತೆ ಕುಸ್ತಿ. ಅದಾದ ಮೇಲೆ ಕುದುರೆ ಸವಾರಿ. ಇದರಲ್ಲಿ ನಾನು ಸೇರಿಸಿದ್ದು ಒಂದೇ, ಎಣ್ಣೆ ಕುಡಿದ ಮೇಲೆ ರಾಯ ಮುಖ ಕಿವುಚಿದ್ದು.

ಅದೇ ಕಾದಂಬರಿಯಲ್ಲಿ ಒಂದು ಬಾವಿ ಬರುತ್ತದೆ. ಇಬ್ಬರು ಅಕ್ಕತಂಗಿಯರು ತಮ್ಮ ಒಡವೆಯ ಗಂಟನ್ನು ಅದರಲ್ಲಿ ಇಳಿಬಿಡುತ್ತಾರೆ. ಆ ಬಾವಿ ಪೂರ್ತಿ ನಾನೇ ತೋಡಿದ್ದು. ಕಥೆಗೆ ಬೇಕಿತ್ತು, ತೋಡಿದೆ. ಒಂದು ಕುಟುಂಬ ಮಕ್ಕಳುಮರಿ ಕಟ್ಟಿಕೊಂಡು ಹಂಪಿಗೆ ಹೋಗಿ ಅದನ್ನು ಹುಡುಕಿದೆ. ತಮಾಷೆ ಏನೆಂದರೆ, ಗೈಡ್ ಒಬ್ಬರು ತೋರಿಸಿಯೂ ಬಿಟ್ಟರಂತೆ! ಫೋಟೋ ಕಳಿಸಿ, "ಇದೇ ಅಲ್ವಾ ಸರ್?" ಅಂತ ಕೇಳಿದರು. ಬಾವಿ ಚೆನ್ನಾಗಿಯೇ ಇತ್ತು. ಅಲ್ಲ ಅಂತ ಹೇಳೋಕೆ ನನಗೆ ನಾಲ್ಕು ದಿನ ಬೇಕಾಯಿತು.

ಮೂರು ಕಾದಂಬರಿ ಬರೆದಿದ್ದೇನೆ. ಒಂದು ರಾಯನ ಕಾಲದ್ದು. ಇನ್ನೊಂದು ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧ ಮುಗಿದ ನಂತರದ ತಿಂಗಳುಗಳದ್ದು. ಮೂರನೆಯದು ಕೆಳದಿ ನಾಯಕರ ರಾಜಧಾನಿಯಾಗಿದ್ದ ಇಕ್ಕೇರಿಯದು. ಮೂರಕ್ಕೂ ಬಂದ ಪ್ರಶ್ನೆಗಳು ಒಂದು ರಟ್ಟಿನ ಫೈಲಿನಲ್ಲಿವೆ. ಅದರಲ್ಲಿ ನನಗೆ ಪದೇ ಪದೇ ಕಂಡದ್ದು ಇದು: ದಾಖಲೆ ನೋಡಿ ಬರೆದದ್ದನ್ನು ಜನ ಅನುಮಾನಿಸುತ್ತಾರೆ, ಕಟ್ಟಿ ಬರೆದದ್ದನ್ನು ಕಣ್ಣುಮುಚ್ಚಿ ನಂಬುತ್ತಾರೆ. ಮೊದಮೊದಲು ಹೆಮ್ಮೆ ಆಗುತ್ತಿತ್ತು. ಈಗ ಸ್ವಲ್ಪ ಹೆದರಿಕೆ ಆಗುತ್ತದೆ.

ಎಳ್ಳೆಣ್ಣೆಯ ಪತ್ರ ಬಂದಾಗ ಪಾಯೆಸ್ ಎಲ್ಲಿ ಹಾಗೆ ಬರೆದಿದ್ದಾನೆ ಅಂತ ಹುಡುಕೋಕೆ ಎರಡು ದಿನ ಹಿಡಿಯಿತು. ಗುರುತು ಹಾಕಿಟ್ಟಿರಲಿಲ್ಲ. ಎರಡನೇ ಪುಸ್ತಕದಿಂದ ಮೂರು ಬಣ್ಣದ ಪೆನ್ಸಿಲ್ ಇಟ್ಟುಕೊಂಡೆ. ಕೆಂಪು ಅಂದರೆ ದಾಖಲೆ ಇದೆ. ಹಸಿರು ಅಂದರೆ ದಾಖಲೆ ಇಲ್ಲ, ಆದರೆ ಆ ಕಾಲಕ್ಕೆ ಹೊಂದುತ್ತದೆ. ನೀಲಿ ಅಂದರೆ ಸುಮ್ನೆ ನಾನು ಕಟ್ಟಿದ್ದು. ಕರಡಿನ ಅಂಚಿನಲ್ಲಿ ಗೆರೆ ಎಳೆಯುತ್ತಾ ಹೋಗುತ್ತೇನೆ. ಪುಸ್ತಕದ ತುಂಬಾ ಕೆಂಪು ಇರುತ್ತದೆ ಅಂದುಕೊಂಡಿದ್ದೆ. ಹಸಿರೇ ಜಾಸ್ತಿ. ರಾಜನ ಆಸ್ಥಾನಕ್ಕೆ ದಾಖಲೆ ಸಿಗುತ್ತದೆ. ಅವನ ಬಟ್ಟೆ ಒಗೆದವರು ಮನೆಗೆ ಹೋಗಿ ಏನು ಮಾತಾಡಿಕೊಂಡರು ಅನ್ನೋದಕ್ಕೆ ಎಲ್ಲಿ ಸಿಗಬೇಕು?

ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ನೇರವಾಗಿ ಕೇಳಿದರು. "ನಮ್ಮ ರಾಯರ ಮುಖಕ್ಕೆ ಸಿಡುಬಿನ ಕಲೆ ಯಾಕ್ರೀ ಹಾಕಿದ್ರಿ? ಯಾರು ಹೇಳಿಕೊಟ್ಟದ್ದು?" ಹೇಳಿಕೊಟ್ಟವನು ಅದೇ ಪಾಯೆಸ್. ರಾಯನದು ಮಧ್ಯಮ ಎತ್ತರ, ಬಿಳಿ ಮೈಬಣ್ಣ, ಸಣಕಲು ಅನ್ನುವುದಕ್ಕಿಂತ ಸ್ವಲ್ಪ ದಪ್ಪ, ಮುಖದಲ್ಲಿ ಸಿಡುಬಿನ ಗುರುತು ಅಂತ ಬರೆದಿದ್ದಾನೆ. ನನ್ನ ಚೀಲದಲ್ಲಿ ಪುಸ್ತಕ ಇತ್ತು. ತೆಗೆದು ಓದಿದೆ. ಸಭೆ ಚಪ್ಪಾಳೆ ಹೊಡೆಯಿತು. ಹಿರಿಯರು ಕೂತರು.

ಆಮೇಲೆ ಮನಸ್ಸಿಗೆ ಹಿತ ಅನ್ನಿಸಲಿಲ್ಲ. ಅವರು ಚಿಕ್ಕಂದಿನಿಂದ ಕ್ಯಾಲೆಂಡರಿನ ರಾಯನನ್ನು ನೋಡಿ ಬೆಳೆದವರು. ಅವರ ಎದುರಿಗೆ ಪುಟಸಂಖ್ಯೆ ಹಿಡಿದು ಗೆಲ್ಲುವುದರಲ್ಲಿ ಏನಿದೆ? ಈಗ ಅದೇ ಪ್ರಶ್ನೆ ಬಂದರೆ ಬೇರೆ ರೀತಿ ಹೇಳುತ್ತೇನೆ. ಊರಿಗೆ ಊರೇ ಖಾಲಿ ಮಾಡುತ್ತಿದ್ದ ಕಾಯಿಲೆ ಅದು. ಅದು ಬಂದೂ ಬದುಕಿ ಸಿಂಹಾಸನ ಹತ್ತಿದವನು ಈ ಮನುಷ್ಯ, ಆ ಕಲೆ ಅವನು ಗೆದ್ದ ಇನ್ನೊಂದು ಯುದ್ಧದ್ದು ಅನ್ನುತ್ತೇನೆ. ಇದಕ್ಕೆ ಯಾರೂ ಸಿಟ್ಟಾಗಿಲ್ಲ, ಇಲ್ಲಿಯ ತನಕ.

ಇನ್ನು ನಾನೇ ತಪ್ಪಿದ್ದು. ಎರಡನೇ ಕಾದಂಬರಿಯಲ್ಲಿ ಸೋತ ಸೈನಿಕನೊಬ್ಬ ಕೃಷ್ಣಾ ತೀರದಿಂದ ವಾಪಸ್ ನಡೆದು ಬರುವಾಗ ಮಡಿಲಿನಿಂದ ಕಡಲೆಕಾಯಿ ತೆಗೆದು ತಿನ್ನುತ್ತಾನೆ. ಆ ಸಾಲು ಬರೆದಾಗ ಬಹಳ ಖುಷಿಯಾಗಿತ್ತು. ಸಿಪ್ಪೆ ಒಡೆಯುವ ಸದ್ದು, ಕತ್ತಲು, ಅದೆಲ್ಲ. ಒಬ್ಬ ರೈತರು ಫೋನ್ ಮಾಡಿದರು. "ಸರ, ನಿಮ್ಮ ಸಿಪಾಯಿ ಶೇಂಗಾ ತಿಂತಾನಲ್ಲ, ಅದು ಅವಾಗ ನಮ್ಮ ಕಡಿ ಎಲ್ಲಿತ್ರಿ?" ನನ್ನ ಬಾಯಿ ಕಟ್ಟಿತು. ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಸಮುದ್ರ ದಾಟಿ ಬಂದು ನಮ್ಮ ಹೊಲಗಳಲ್ಲಿ ಹರಡಿದ್ದು ಎಷ್ಟೋ ಕಾಲದ ಮೇಲೆ. ಬರೀ ಕಡಲೆ ಅಂತ ಬರೆದಿದ್ದರೆ ನಡೆಯುತ್ತಿತ್ತು. ಒಂದು 'ಕಾಯಿ' ಸೇರಿಸಿ ಕೆಟ್ಟೆ. ಮರುಮುದ್ರಣದಲ್ಲಿ ಅವನಿಗೆ ಹುರಿಗಡಲೆ ಕೊಟ್ಟಿದ್ದೇನೆ. ಸಿಪ್ಪೆಯ ಸದ್ದು ಹೋಯಿತು, ಏನು ಮಾಡೋದು.

ಅಂದಿನಿಂದ ಅಡುಗೆಮನೆಯ ದೃಶ್ಯ ಬಂದರೆ ಕೈ ತಡೆಯುತ್ತದೆ. ಹಸಿಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಪಪ್ಪಾಯಿ, ಸೀಬೆ, ಗೋಡಂಬಿ, ಮುಸುಕಿನ ಜೋಳ, ಹೊಗೆಸೊಪ್ಪು ಎಲ್ಲ ಆ ಕಡೆಯ ಖಂಡದಿಂದ ಬಂದವು. ಒಂದೊಂದು ಒಂದೊಂದು ಕಾಲಕ್ಕೆ ಬಂತು. ಇವನ್ನೆಲ್ಲ ತೆಗೆದು ಒಂದು ಊಟ ಬಡಿಸಿ ನೋಡಿ! ಖಾರಕ್ಕೆ ಉಳಿಯುವುದು ಕರಿಮೆಣಸು, ಶುಂಠಿ, ಸಾಸಿವೆ. ನಮ್ಮ ಭಾಷೆಯೇ ಸಾಕ್ಷಿ ಹೇಳುತ್ತದೆ, ನೋಡಿ. ಮೆಣಸು ಮೊದಲಿನಿಂದ ಇತ್ತು, ಅದರ ಹೆಸರು ಹಿಡಿದು ಹೊಸಬಳಿಗೆ ಮೆಣಸಿನಕಾಯಿ ಅಂದರು. ಕಡಲೆ ಮೊದಲು, ಕಡಲೆಕಾಯಿ ಆಮೇಲೆ.

ಚಂದ್ರನ ವಿಷಯದಲ್ಲೂ ಎಡವಿದ್ದೇನೆ. ಒಂದು ಅಧ್ಯಾಯದ ಶುರುವಿನಲ್ಲಿ ಅಮಾವಾಸ್ಯೆ. ಕಥೆಯಲ್ಲಿ ಎರಡು ದಿನ ಕಳೆಯುತ್ತದೆ, ನಡುರಾತ್ರಿ ನಾಯಕಿ ಬೆಳದಿಂಗಳಲ್ಲಿ ಕೋಟೆ ದಾಟುತ್ತಾಳೆ. ಬಿದಿಗೆಯ ಚಂದ್ರ ಸಂಜೆಗೇ ಮುಳುಗಿರುತ್ತಾನೆ. ಪಂಚಾಂಗ ನೋಡುವ ಒಬ್ಬರು ಬರೆದರು, "ಆಯಮ್ಮ ಎಲ್ಲಿ ಬಿದ್ದು ಕಾಲು ಮುರಿದುಕೊಂಡಳೋ." ಈಗ ಪ್ರತಿ ಅಧ್ಯಾಯಕ್ಕೂ ತಿಥಿ ಬರೆದುಕೊಂಡೇ ಕೂರುತ್ತೇನೆ. ಗಂಟೆ, ನಿಮಿಷ ಬಳಸುವುದಿಲ್ಲ. ದಿನಕ್ಕೆ 8 ಜಾವ, 60 ಗಳಿಗೆ. ಒಂದು ಗಳಿಗೆ ಅಂದರೆ ನಮ್ಮ 24 ನಿಮಿಷ.

ಭಾಷೆಯ ಬಗ್ಗೆ ಜಾಸ್ತಿ ಕೇಳುವವರು ಮೇಷ್ಟ್ರುಗಳು. "ಆಗಿನ ಕನ್ನಡ ಹೀಗಿತ್ತಾ?" ಇರಲಿಲ್ಲ. ಆಗಿನ ಜನ ಆಗಿನ ಕನ್ನಡವನ್ನು ಹಳೆಯದು ಅಂದುಕೊಂಡು ಆಡುತ್ತಿರಲಿಲ್ಲವಲ್ಲ. ಅವರಿಗೆ ಅದು ಇವತ್ತಿನ ಮಾತು. ಹಾಗಾಗಿ ನನ್ನ ಪಾತ್ರಗಳೂ ಇವತ್ತಿನ ಮಾತೇ ಆಡುತ್ತವೆ. ಆಮೇಲೆ ಬಂದ ಪದಗಳನ್ನು ಮಾತ್ರ ಆರಿಸಿ ತೆಗೆಯುತ್ತೇನೆ. ಇಕ್ಕೇರಿಯ ಹೆಂಗಸು ಬೀಗದ ಕೈ ಅನ್ನುತ್ತಾಳೆ. ಚಾವಿ ಪೋರ್ಚುಗೀಸರಿಂದ ಬಂದ ಮಾತು. ಅದನ್ನು ಗೋವೆಯಿಂದ ಬಂದ ದುಭಾಷಿಯ ಬಾಯಲ್ಲಿ ಒಂದೇ ಸಲ ಇಟ್ಟಿದ್ದೇನೆ. ಇಷ್ಟರವರೆಗೆ ಯಾರೂ ಗಮನಿಸಿಲ್ಲ. ಅದಕ್ಕೇ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

"1565ರ ಕಥೆಯಲ್ಲಿ ನೀವು ಯಾರ ಕಡೆ?" ಇದು ಬರುವುದು ಯಾವಾಗಲೂ ಏರುದನಿಯಲ್ಲಿ. ನಾನು ಒಂದು ಪ್ರಸಂಗ ಹೇಳುತ್ತೇನೆ. ಯುದ್ಧಕ್ಕೆ ಕೆಲವು ವರ್ಷ ಮುಂಚೆ, ವಿಜಯನಗರವನ್ನು ಆಗ ನಡೆಸುತ್ತಿದ್ದ ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾ ತಾನೇ ವಿಜಯನಗರಕ್ಕೆ ಬಂದು ದುಃಖ ವಿಚಾರಿಸಿದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಕರೆದಳು. ಇದನ್ನು ಬರೆದವನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ. ಯುದ್ಧವಾಗಿ ಎಷ್ಟೋ ವರ್ಷದ ಮೇಲೆ ಬರೆದದ್ದು, ಹಾಗಾಗಿ ಅವನ ಮಾತನ್ನೆಲ್ಲ ಹಾಗೇ ನುಂಗುವುದಿಲ್ಲ. ಆದರೂ 1565ರ ಜನವರಿಯಲ್ಲಿ ರಾಮರಾಯನ ತಲೆ ಬಿದ್ದ ಸುದ್ದಿ ಬಂದಾಗ ಆ ತಾಯಿಗೆ ಹೇಗಾಗಿರಬೇಕು? ಎದುರು ಸೈನ್ಯದಲ್ಲಿ ಆ ಮಗನೂ ಇದ್ದ. ನನ್ನ ಕಾದಂಬರಿ ಶುರುವಾದದ್ದೇ ಅಲ್ಲಿಂದ. ಯಾರ ಕಡೆ ಅಂದರೆ, ಅವಳ ಕಡೆ.

ಪಾತ್ರಗಳ ಹೆಸರು ಎಲ್ಲಿಂದ ತರುತ್ತೀರಿ ಅಂತ ಹುಡುಗರು ಕೇಳುತ್ತಾರೆ. ಶಾಸನಗಳಿಂದ. ದತ್ತಿ ಶಾಸನ ಓದಿದರೆ ಸಾಕ್ಷಿ ಹಾಕಿದವರು, ಹೊಲದ ಗಡಿ, ಕೆರೆ, ಹಳ್ಳ ಎಲ್ಲ ಸಿಗುತ್ತದೆ. ಕೊನೆಗೆ ಬೈಗುಳವೂ ಸಿಗುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಕಲ್ಲಿನ ಮೇಲೆ ಕೆತ್ತಿದ್ದಾರೆ. ಶಕವರ್ಷಕ್ಕೆ 78 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ, ಇನ್ನೇನು ಬೇಕು.

ಕೊನೆಗೆ ಇಕ್ಕೇರಿ. ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ರೋಮಿನವನು 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಅಲ್ಲಿನ ದೊರೆ ವೆಂಕಟಪ್ಪ ನಾಯಕನ ಹತ್ತಿರ ಬಂದ. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಬರೆಯುತ್ತಾ, ರಾಗವಾಗಿ ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರಿರಲಿಲ್ಲ. ಮರೆತರೆ ಯಾರು ತಿದ್ದುತ್ತಾರೆ ಅಂತ ಇವನು ಕೇಳಿದ. ನಾಲ್ಕು ಜನವೂ ಒಂದೇ ಜಾಗದಲ್ಲಿ ಮರೆಯೋಕೆ ಆಗುತ್ತದೆಯೇ ಅಂದರಂತೆ ಹುಡುಗರು. ಇದನ್ನು ಓದಿದ ದಿನವೇ ಇಕ್ಕೇರಿಯ ಬಗ್ಗೆ ಬರೆಯಬೇಕು ಅಂತ ತೀರ್ಮಾನಿಸಿದೆ. ಇದನ್ನೂ ಎಷ್ಟೋ ಜನ ನನ್ನ ಕಲ್ಪನೆ ಅಂದುಕೊಂಡಿದ್ದಾರೆ.

ಇಕ್ಕೇರಿಯ ಬೀದಿಯಲ್ಲಿ ಅವನು ಒಬ್ಬ ಹೆಂಗಸನ್ನು ಕಂಡ. ಕುದುರೆ ಮೇಲೆ ಕೂತಿದ್ದಳು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡ ಡೋಲು ಬಡಿಯುವವನು, ಸತ್ತಿದ್ದ. ಅವಳು ಸಹಗಮನಕ್ಕೆ ಹೊರಟವಳು. ದೆಲ್ಲಾ ವಾಲೆ ಅವಳ ಮನೆಗೇ ಹೋಗಿ, ದುಭಾಷಿ ಇಟ್ಟುಕೊಂಡು ಮಾತಾಡಿಸಿದ, ಬೇಡ ಅಂದ. ಅವಳು ಒಪ್ಪಲಿಲ್ಲ. ಅವಳ ಹೆಸರನ್ನು ತನ್ನ ಲಿಪಿಯಲ್ಲಿ ಬರೆದುಕೊಂಡ. ಜಕ್ಕಮ್ಮ ಅಂತ ನಾನು ಓದಿಕೊಂಡೆ. ನನ್ನ ಕಾದಂಬರಿ ಅವನು ಆ ಮನೆಯ ಹೊಸಿಲು ದಾಟಿ ಹೊರಗೆ ಬರುವಲ್ಲಿಗೆ ಮುಗಿಯುತ್ತದೆ. ಮುಂದೆ ಏನಾಯಿತು ಅಂತ ಕೇಳಿ ಬಂದ ಪತ್ರಗಳೇ ಫೈಲಿನ ಅರ್ಧ. ಚಿತೆಯನ್ನು ಬರೆದರೆ ಓದುಗರು ಅಳುತ್ತಾರೆ, ನನಗೆ ಗೊತ್ತು. ಅಳಿಸುವುದಕ್ಕೆ ಅವಳನ್ನು ಸುಡುವುದು ನನ್ನ ಕೈಲಿ ಆಗಲಿಲ್ಲ. ಬದುಕಿಸಿದರೆ ಅದೂ ಮೋಸ, ಅಲ್ವಾ?

ಕಳೆದ ತಿಂಗಳು ಒಬ್ಬ ಅಜ್ಜಿ ಮೊಮ್ಮಗಳ ಕೈಲಿ ಪತ್ರ ಬರೆಸಿದ್ದಾರೆ. "ಜಕ್ಕಮ್ಮನ ವಿಚಾರ ಬಿಡಪ್ಪಾ, ಅವಳು ಹಟದವಳು. ಅವಳ ಮಕ್ಕಳು ಏನಾದವು?"

ಮಕ್ಕಳಿದ್ದವು. ದೆಲ್ಲಾ ವಾಲೆ ಬರೆದಿದ್ದಾನೆ, ಆ ಚಿಕ್ಕ ಮಕ್ಕಳ ಮಾತೆತ್ತಿಯೇ ಅವಳ ಮನಸ್ಸು ತಿರುಗಿಸಲು ನೋಡಿದ್ದ. ನನ್ನ ಕರಡು ತೆಗೆದು ನೋಡಿದೆ. 300 ಪುಟದಲ್ಲಿ ಆ ಮಕ್ಕಳಿಗೆ ನಾನು ಕೊಟ್ಟದ್ದು ಒಂದೂವರೆ ಸಾಲು. ಪಕ್ಕದಲ್ಲಿ ಕೆಂಪು ಗೆರೆ. ಹೆಸರೂ ಇಟ್ಟಿರಲಿಲ್ಲ. ಅಜ್ಜಿಗೆ ಇನ್ನೂ ಉತ್ತರ ಬರೆದಿಲ್ಲ. ಶಾಸನದ ಸಂಪುಟ ತೆರೆದಿಟ್ಟುಕೊಂಡು, ಮೊದಲು ಆ ಮಕ್ಕಳಿಗೆ ಹೆಸರು ಹುಡುಕುತ್ತಿದ್ದೇನೆ.