ಕೀನ್ಯಾದ ಶಾಲೆಗಳಲ್ಲಿ ಕ್ಷೇತ್ರಕಾರ್ಯ: ಹೋಗುವ ಮುಂಚೆ, ಹೋದ ಮೇಲೆ

ವಿಶ್ವವಿದ್ಯಾಲಯದ ವಿನಿಮಯ ಕಾರ್ಯಕ್ರಮದಲ್ಲಿ ನಿಮಗೆ ಕೀನ್ಯಾಕ್ಕೆ ಹೋಗುವ ಅವಕಾಶ ಸಿಕ್ಕಿದೆ ಅಂದುಕೊಳ್ಳಿ. ಸಂಶೋಧನೆಗಾಗಿ ಅಲ್ಲಿನ ಶಾಲೆಗಳಿಗೆ ಹೋಗಿ ಮಕ್ಕಳನ್ನು, ಮೇಷ್ಟ್ರನ್ನು ಮಾತಾಡಿಸಬೇಕು. ವಿಮಾನದ ಟಿಕೆಟ್ ಆಮೇಲೆ ನೋಡೋಣ. ಮೊದಲು ಶಾಲೆಯ ಕ್ಯಾಲೆಂಡರ್ ತೆಗೆಯಿರಿ.

ಕೀನ್ಯಾದಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ವರ್ಷಕ್ಕೆ ಮೂರು ಟರ್ಮ್. ಕೊನೆಯ ಟರ್ಮ್ ಪರೀಕ್ಷೆಯ ಗಡಿಬಿಡಿಯದು, ಆಗ ಹೋಗಲೇಬೇಡಿ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆಗಾಲ, ಹಳ್ಳಿಯ ಮಣ್ಣು ರಸ್ತೆಗಳು ಕೆಸರಾಗುತ್ತವೆ. ನನ್ನನ್ನು ಕೇಳಿದರೆ ಜೂನ್, ಜುಲೈ ಒಳ್ಳೆಯದು.

ಮುಂದಿನದು ಕಾಗದಪತ್ರ. ಪ್ರವಾಸಿ ಅಂತ ಹೇಳಿ ಹೋಗಿ ಸುಮ್ನೆ ಸಂಶೋಧನೆ ಶುರು ಮಾಡುವಂತಿಲ್ಲ. ನಕೋಸ್ಟಿ ಎಂಬ ಸರ್ಕಾರಿ ಆಯೋಗದಿಂದ ಸಂಶೋಧನಾ ಪರವಾನಗಿ ಬೇಕು. ವಿದೇಶಿಯರು ಅಲ್ಲಿನ ಸಂಸ್ಥೆಯೊಂದರ ಜೊತೆ ಸೇರಿಕೊಂಡಿರಬೇಕು. ವಿನಿಮಯದಲ್ಲಿ ಹೋಗುವವರಿಗೆ ಆತಿಥೇಯ ವಿಶ್ವವಿದ್ಯಾಲಯವೇ ಈ ಆಸರೆ. ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆಗೂ ಅವರ ಮೂಲಕವೇ ಅರ್ಜಿ ಹಾಕಿ. ಇದಕ್ಕೆಲ್ಲ ಕೆಲವು ತಿಂಗಳು ಇಟ್ಟುಕೊಳ್ಳಿ. ದೇಶದಲ್ಲಿ 47 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ನೀವು ಕೆಲಸ ಮಾಡುವ ಕೌಂಟಿಯ ಕಮಿಷನರ್ ಮತ್ತು ಶಿಕ್ಷಣ ನಿರ್ದೇಶಕರ ಕಚೇರಿಗೆ ಹೋಗಿ ಪರವಾನಗಿ ತೋರಿಸಿ, ಆಮೇಲೆ ಶಾಲೆಯ ಕಡೆ ಹೊರಡಿ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡ ಕಾರ್ಡ್ ಇಲ್ಲದಿದ್ದರೆ ಭಾರತಕ್ಕೆ ವಾಪಸ್ ಬಂದಾಗ ಪ್ರತ್ಯೇಕವಾಗಿ ಇರಿಸಬಹುದು. ವಿಕ್ಟೋರಿಯಾ ಸರೋವರದ ಕಡೆ ಮಲೇರಿಯಾ ಜಾಸ್ತಿ, ವೈದ್ಯರನ್ನು ಕೇಳಿ.

ಶಾಲೆಗೆ ಹೋದ ಮೊದಲ ದಿನ ರೆಕಾರ್ಡರ್ ಬ್ಯಾಗಿನಲ್ಲೇ ಇರಲಿ. ಮುಖ್ಯ ಶಿಕ್ಷಕರನ್ನು ಕಂಡು, ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಯಿರಿ. ‘ಹಬಾರಿ, ಮ್ವಾಲಿಮು’ ಅನ್ನಿ. ಹೇಗಿದ್ದೀರಿ ಮೇಷ್ಟ್ರೇ ಎಂದರ್ಥ. ಮಧ್ಯಾಹ್ನ ಉಗಾಲಿ ಬಡಿಸಿದರೆ ನಿಮಗೆ ನಮ್ಮ ಮುದ್ದೆ ನೆನಪಾಗುತ್ತದೆ. ಅದು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನದು. ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾವೇ. ಈ ಮಾತು ಹೇಳಿ ನೋಡಿ, ಊಟದ ಜೊತೆ ಹರಟೆಯೂ ಶುರುವಾಗುತ್ತದೆ.

ತರಗತಿಯಲ್ಲಿ ಹಿಂದೆ ಕೂತು ನೋಡಿ. 2003ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾದಾಗ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಆಗ ತುಂಬಿದ ತರಗತಿಗಳು ಎಷ್ಟೋ ಕಡೆ ಇಂದಿಗೂ ತುಂಬಿಯೇ ಇವೆ. ಅಂಥ ತರಗತಿಯಿಂದ ಮೇಷ್ಟ್ರನ್ನು ಸಂದರ್ಶನಕ್ಕೆಂದು ಹೊರಗೆ ಕರೆದರೆ ಅಷ್ಟೂ ಮಕ್ಕಳ ಪಾಠ ಹೋಯಿತು. ಶಾಲೆ ಬಿಟ್ಟ ಮೇಲೆ ಸಮಯ ಕೇಳಿ.

ಮಕ್ಕಳ ವಿಷಯದಲ್ಲಿ ಆತುರ ಬೇಡವೇ ಬೇಡ. ಪೋಷಕರ ಸಹಿ ಸಿಕ್ಕರೆ ಅರ್ಧ ಕೆಲಸ ಆದಂತೆ, ಅಷ್ಟೇ. ಮಗುವೂ ಒಪ್ಪಬೇಕು. ಮುಖ್ಯ ಶಿಕ್ಷಕರ ಪಕ್ಕದಲ್ಲಿ ನಿಂತು ನೀವು ಕೇಳಿದರೆ ಯಾವ ಮಗು ತಾನೇ ಬೇಡ ಅನ್ನುತ್ತದೆ? ಹಾಗಾಗಿ ಶಿಕ್ಷಕರು ಇಲ್ಲದಾಗ, ಬೇರೆ ಮಕ್ಕಳೂ ಕಾಣುವ ಜಾಗದಲ್ಲಿ ಕೂತು ಕೇಳಿ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಯಾರೂ ಬೈಯುವುದಿಲ್ಲ ಅಂತ ಮೊದಲೇ ಹೇಳಿ. ಮಗು ಸುಮ್ಮನೆ ನೆಲ ನೋಡುತ್ತಿದ್ದರೆ ಅದನ್ನೇ ಉತ್ತರ ಅಂದುಕೊಂಡು ನಿಲ್ಲಿಸಿ. ಇದನ್ನೆಲ್ಲ ಮನೆಮಾತಿನಲ್ಲಿ ಹೇಳಬೇಕು. ವಿಕ್ಟೋರಿಯಾ ಸರೋವರದ ದಡದ ಕಿಸುಮು ನಗರದ ಸುತ್ತಮುತ್ತ ಅದು ಲುವೋ ಭಾಷೆ, ಬರೀ ಇಂಗ್ಲಿಷ್, ಸ್ವಾಹಿಲಿ ಸಾಲದು. ಸ್ಥಳೀಯ ಸಹಾಯಕರನ್ನು ತೆಗೆದುಕೊಳ್ಳಿ, ಸರಿಯಾದ ಸಂಬಳ ಕೊಡಿ, ಪ್ರಬಂಧದಲ್ಲಿ ಅವರ ಹೆಸರನ್ನೂ ಹಾಕಿ. ನೋಟ್ಸ್‌ನಲ್ಲಿ ಮಕ್ಕಳ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಕೀನ್ಯಾದಲ್ಲಿ 2019ರಿಂದ ದತ್ತಾಂಶ ರಕ್ಷಣೆಗೆ ಕಾನೂನಿದೆ. ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುವ ಯೋಚನೆಯೂ ಬೇಡ.

ಪ್ರಬಂಧ ಅಚ್ಚಾಗಲು ವರ್ಷಗಳೇ ಹಿಡಿಯಬಹುದು, ಅಷ್ಟರಲ್ಲಿ ಆ ಮಕ್ಕಳು ಶಾಲೆಯನ್ನೇ ಮುಗಿಸಿರುತ್ತಾರೆ. ಅದಕ್ಕೇ ಊರು ಬಿಡುವ ಮುಂಚೆ ಒಂದು ಸಂಜೆ ಶಿಕ್ಷಕರ ಕೊಠಡಿಯಲ್ಲಿ ಕೂತು, ನೀವು ಕಂಡದ್ದನ್ನು ಹೇಳಿ. ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಅವರೇ ತಿದ್ದುತ್ತಾರೆ. ಆಮೇಲೆ ಎರಡು ಪುಟದ ಸರಳ ವರದಿ ಬರೆದು ಶಾಲೆಗೂ ಕೌಂಟಿ ಕಚೇರಿಗೂ ಕಳಿಸಿ.